ಸೂಪರ್‌ಹಾಟ್ ನಿಜವಾಗಿಯೂ ಹೊಸ ಆಟವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕದ್ರಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕೈದು ಜನ ಸೇರುತ್ತೇವೆ. ಕಂಪ್ಯೂಟರ್ ಒಂದೇ. ಒಬ್ಬರು ಆಡುವಾಗ ಉಳಿದವರು ಮಾತಾಡುತ್ತೇವೆ. ಸೂಪರ್‌ಹಾಟ್ ಎಂಬ ಆಟ ಹಾಕಿದ ದಿನ ಮಾತು ಜಗಳದವರೆಗೂ ಹೋಗುತ್ತದೆ. 'ಇದರಲ್ಲಿ ಹೊಸತು ಎಂಥದ್ದು?' ಎನ್ನುವುದೇ ಜಗಳದ ಮೂಲ. ಸುರತ್ಕಲ್, ಮಣಿಪಾಲದ ಹಾಸ್ಟೆಲ್ ಹುಡುಗರು ಮೆಸೇಜ್ ಮಾಡಿ ಕೇಳುವುದೂ ಅದನ್ನೇ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹೌದು, ಅದು ಹೊಸ ಆಟ. ಆದರೆ ಎಲ್ಲರೂ ಹೇಳುವ ಸ್ಲೋ ಮೋಷನ್ ಎಂಬ ಕಾರಣಕ್ಕೆ ಅಲ್ಲ.

## ಮೊದಲು ಗೊತ್ತಿರಬೇಕಾದ್ದು

ಎಫ್‌ಪಿಎಸ್ ಅಂದ್ರೆ ಎಂಥದ್ದು?

ಫಸ್ಟ್ ಪರ್ಸನ್ ಶೂಟರ್. ಬಂದೂಕು ಹಿಡಿದವನ ಕಣ್ಣಿನಿಂದಲೇ ಇಡೀ ಆಟ ಕಾಣುತ್ತದೆ. ನಿಮ್ಮ ಮೈ ನಿಮಗೆ ಕಾಣುವುದಿಲ್ಲ. ಪರದೆಯ ಕೆಳಗೆ ಒಂದು ಕೈ, ಕೈಯಲ್ಲಿ ಬಂದೂಕು, ಅಷ್ಟೇ.

ಇದನ್ನು ಕೆಲವರು 'ಪ್ರಥಮ ಪುರುಷ' ಎಂದು ಕನ್ನಡಕ್ಕೆ ತರುತ್ತಾರೆ. ಅದು ತಪ್ಪು. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ಅವನು, ಅವಳು, ಅದು. 'ನಾನು' ಎನ್ನುವುದು ಉತ್ತಮ ಪುರುಷ. ಈ ಆಟಗಳ ಜೀವ ಇರುವುದೇ ಆ 'ನಾನು' ಎಂಬಲ್ಲಿ. ಅದಕ್ಕೇ ಈ ಮಾತು ಹೇಳಿದೆ, ಮುಂದೆ ಬೇಕಾಗುತ್ತದೆ.

1970ರ ದಶಕದ ಮೇಜ್ ವಾರ್‌ನಲ್ಲೇ ಈ ನೋಟ ಇತ್ತು. ಆದರೆ ಮನೆಮಾತಾದದ್ದು 1992ರ ವುಲ್ಫೆನ್‌ಸ್ಟೈನ್ 3ಡಿ ಮತ್ತು 1993ರ ಡೂಮ್ ಬಂದ ಮೇಲೆ. ಆಮೇಲೆ ಕೆಲವು ವರ್ಷ ಇಂಥ ಆಟಗಳನ್ನೆಲ್ಲ 'ಡೂಮ್ ಕ್ಲೋನ್' ಎಂದೇ ಕರೆಯುತ್ತಿದ್ದರು.

ಸೂಪರ್‌ಹಾಟ್‌ನಲ್ಲಿ ಆಡ್ಲಿಕ್ಕೆ ಏನುಂಟು? ಒಂದು ಸಲ ಬಿಡಿಸಿ ಹೇಳಿ.

ನೀವು ಅಲ್ಲಾಡಿದರೆ ಸಮಯ ಓಡುತ್ತದೆ. ನೀವು ನಿಂತರೆ ಸಮಯವೂ ಹೆಚ್ಚುಕಮ್ಮಿ ನಿಲ್ಲುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಬಸವನಹುಳುವಿನ ಹಾಗೆ ತೆವಳುತ್ತಿರುತ್ತದೆ. ನಿಯಮ ಇಷ್ಟೇ.

ಒಂದು ಬಾರ್ ಅಂತಿಟ್ಟುಕೊಳ್ಳಿ. ಎದುರಿಗಿರುವ ಕೆಂಪು ಮನುಷ್ಯ ಗುಂಡು ಹಾರಿಸಿ ಆಗಿದೆ. ಗುಂಡು ಗಾಳಿಯಲ್ಲಿ ತೂಗುತ್ತಿದೆ, ಅದರ ಹಿಂದೆ ಒಂದು ಕೆಂಪು ಗೆರೆ. ನಿಮ್ಮ ಕೈ ಖಾಲಿ. ಮೇಜಿನ ಮೇಲೆ ಕಪ್ಪು ಬಾಟಲಿ ಇದೆ. ಎಡಕ್ಕೆ ಒಂದು ಹೆಜ್ಜೆ ಇಡುತ್ತೀರಿ, ಗುಂಡು ನಿಮ್ಮತ್ತ ಒಂದಷ್ಟು ಸರಿಯುತ್ತದೆ. ಬಾಟಲಿ ಎತ್ತುತ್ತೀರಿ, ಇನ್ನಷ್ಟು ಸರಿಯುತ್ತದೆ. ಎಸೆದರೆ ಅವನ ಮುಖಕ್ಕೆ ಬಡಿದು, ಅವನ ಕೈಯ ಪಿಸ್ತೂಲು ನಿಮ್ಮ ಕಡೆ ಹಾರುತ್ತದೆ. ಅದನ್ನು ಗಾಳಿಯಲ್ಲೇ ಹಿಡಿಯುತ್ತೀರಿ. ಆಗ ಬಲಗಡೆ ಇನ್ನೊಬ್ಬ ಇದ್ದಾನೆ ಎಂದು ಗೊತ್ತಾಗುತ್ತದೆ. ನಿಮಗೆ ಒಂದೇ ಒಂದು ಗುಂಡು ತಾಗಿದರೂ ಕಥೆ ಮುಗಿಯಿತು.

ಗೆದ್ದ ಮೇಲೆ ಅದೇ ದೃಶ್ಯವನ್ನು ನಿಜವಾದ ವೇಗದಲ್ಲಿ ತೋರಿಸುತ್ತಾರೆ. ನೀವು ಎರಡು ನಿಮಿಷ ಕೂತು ಯೋಚಿಸಿದ್ದು ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗಿರುತ್ತದೆ. 'ಅದು ನಾನಾ?' ಎಂದು ಮೊದಲ ಸಲ ಆಡಿದ ಪ್ರತಿಯೊಬ್ಬರೂ ಕೇಳಿದ್ದಾರೆ.

ಮಾಡಿದ್ದು ಯಾರು? ದೊಡ್ಡ ಕಂಪನಿಯಾ?

ಪೋಲೆಂಡಿನ ಸಣ್ಣ ತಂಡ. 2013ರಲ್ಲಿ ಏಳು ದಿನದಲ್ಲಿ ಒಂದು ಎಫ್‌ಪಿಎಸ್ ಮಾಡುವ ಸವಾಲಿಗೆಂದು ಇದರ ಮೊದಲ ರೂಪ ತಯಾರಾಯಿತು. ಬ್ರೌಸರ್‌ನಲ್ಲೇ ಆಡುವಂತೆ ಅದನ್ನು ಬಿಟ್ಟರು, ಜನ ಹುಚ್ಚೆದ್ದು ಆಡಿದರು. 2014ರಲ್ಲಿ, ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ 1 ಲಕ್ಷ ಡಾಲರ್ ಕೇಳಿದರು, ಅದರ ಎರಡು ಪಟ್ಟಿಗಿಂತ ಜಾಸ್ತಿ ಬಂತು. ಪೂರ್ತಿ ಆಟ 2016ರ ಫೆಬ್ರವರಿಯಲ್ಲಿ ಹೊರಬಂತು.

ಮಗ ಎಂಟನೇ ಕ್ಲಾಸು. ಅವನಿಗೆ ಕೊಡಬಹುದಾ?

ರಕ್ತ ಇಲ್ಲ. ಶತ್ರುಗಳು ಕೆಂಪು ಗಾಜಿನ ಹಾಗೆ ಒಡೆದು ಉದುರುತ್ತಾರೆ. ಆದರೆ ಕಥೆಯಲ್ಲಿ ಆಟಗಾರ ತನಗೆ ತಾನೇ ಹಾನಿ ಮಾಡಿಕೊಳ್ಳುವಂಥ ಸಂದರ್ಭ ಬರುತ್ತದೆ. ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು ಆಡುವ ವಿಆರ್ (ವರ್ಚುವಲ್ ರಿಯಾಲಿಟಿ) ಆವೃತ್ತಿಯಿಂದ ಅಂಥ ದೃಶ್ಯಗಳನ್ನು 2021ರಲ್ಲಿ ತಂಡವೇ ತೆಗೆದುಹಾಕಿತು. ನನ್ನ ಮಾತು ಕೇಳುವುದಾದರೆ ಮೊದಲು ನೀವೇ ಪೂರ್ತಿ ಆಡಿ ನೋಡಿ. ಎಂಟನೇ ಕ್ಲಾಸಿಗೆ ನಾನಂತೂ ಕೊಡುವುದಿಲ್ಲ.

## ಜಗಳ ಶುರುವಾಗುವ ಜಾಗ

ಸ್ಲೋ ಮೋಷನ್ ಮ್ಯಾಕ್ಸ್ ಪೇನ್‌ನಲ್ಲೇ ಇತ್ತಲ್ವಾ? ಇದು ಅದರದ್ದೇ ಕಾಪಿ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೌದು, 2001ರ ಮ್ಯಾಕ್ಸ್ ಪೇನ್‌ನಲ್ಲಿ ಇತ್ತು. ಅದು ಎಫ್‌ಪಿಎಸ್ ಅಲ್ಲ, ಅಲ್ಲಿ ನಾಯಕನ ಬೆನ್ನು ಕಾಣುತ್ತದೆ. 2005ರ ಫಿಯರ್ ಅದನ್ನು ಎಫ್‌ಪಿಎಸ್‌ಗೂ ಚೆನ್ನಾಗಿ ತಂದಿತು. ಎರಡೂ ಒಳ್ಳೆಯ ಆಟಗಳೇ.

ಆದರೆ ಅಲ್ಲಿ ನಿಧಾನ ಅನ್ನುವುದು ಕಿಸೆಯಲ್ಲಿರುವ ದುಡ್ಡು. ಬಟನ್ ಒತ್ತಿದರೆ ಖರ್ಚಾಗುತ್ತದೆ, ಮತ್ತೆ ಕೂಡಿಡಬೇಕು. ಖರ್ಚು ಮಾಡಿ ಪಡೆಯುವುದು ಏನು? ಗುರಿ ಇಡಲು ಸ್ವಲ್ಪ ಜಾಸ್ತಿ ಸಮಯ. ಕೆಲಸ ಅದೇ ಹಳೆಯದು: ನೋಡು, ಗುರಿ ಇಡು, ಹೊಡೆ. ಸ್ವಲ್ಪ ಸಲೀಸಾಗುತ್ತದೆ, ಅಷ್ಟೇ. ಸೂಪರ್‌ಹಾಟ್‌ನಲ್ಲಿ ಅಂಥ ಬಟನ್ನೇ ಇಲ್ಲ. ಸಮಯ ನಿಮ್ಮ ಕಾಲಿಗೆ ಕಟ್ಟಿದ ಗೆಜ್ಜೆಯ ಹಾಗೆ. ಹೆಜ್ಜೆ ಇಟ್ಟರೆ ಮಾತ್ರ ಸದ್ದು. ಆದ್ದರಿಂದ ಪ್ರತಿ ಹೆಜ್ಜೆಗೂ ಬೆಲೆ ಇದೆ. 'ಈ ಒಂದು ಹೆಜ್ಜೆ ಬೇಕಾ?' ಎಂದು ಬೇರೆ ಯಾವ ಶೂಟರ್‌ನಲ್ಲೂ ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ.

ಇದನ್ನು ನಾನು ಕಂಡುಕೊಂಡದ್ದು ಪರದೆ ನೋಡಿ ಅಲ್ಲ, ಆಡುವವರ ಕೈ ನೋಡಿ. ಫಿಯರ್ ಆಡುವಾಗ ಕಷ್ಟದ ಗಳಿಗೆ ಬಂದರೆ ಬಲಗೈ ಮೌಸನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಬೆರಳ ಗಿಣ್ಣು ಬೆಳ್ಳಗಾಗುತ್ತದೆ. ಸೂಪರ್‌ಹಾಟ್‌ನಲ್ಲಿ ಅದೇ ಹುಡುಗ, ಅದೇ ಕುರ್ಚಿ. ಕಷ್ಟ ಬಂದ ಕೂಡಲೇ ಕೈ ಮೌಸಿನಿಂದ ಮೇಲೆದ್ದು ಗಲ್ಲಕ್ಕೆ ಹೋಗುತ್ತದೆ. ಮೂರು ಗುಂಡು ಅವನ ಕಡೆ ಬರುತ್ತಿವೆ, ಅವನು ಗಲ್ಲ ತುರಿಸುತ್ತಾ ಕೂತಿದ್ದಾನೆ! ಶೂಟರ್ ಆಡುವವರ ಕೈ ಹಾಗೆ ಏಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಚೆಸ್ ಕೂಡ ಹಾಗೇ ಅಲ್ವಾ? ನಾನು ನಡೆಸಿದ ಮೇಲೆ ಎದುರಿನವ ನಡೆಸ್ತಾನೆ. ಹೊಸತೆಲ್ಲಿ ಬಂತು?

ಇದು ಮೊದಲಿನದ್ದಕ್ಕಿಂತ ಗಟ್ಟಿ ಪ್ರಶ್ನೆ. ನನಗಿಂತ ಮೊದಲು ಇದನ್ನು ಹಿಡಿದದ್ದು ಅಮ್ಮ. ಆಟಿ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ. ಅವರು ನನ್ನ ಹಿಂದೆ ನಿಂತು ಹತ್ತು ನಿಮಿಷ ನೋಡಿದರು. ಆಮೇಲೆ, 'ಇದು ಚೆನ್ನೆಮಣೆ ಹಾಗೆ ಉಂಟಲ್ಲ, ನೀನು ಕಾಯಿ ಹಾಕುವವರೆಗೆ ಅವ ಕಾಯ್ತಾನೆ' ಅಂದರು. ನನಗೆ ಎರಡು ದಿನ ಅದೇ ಯೋಚನೆ.

ಅಮ್ಮನ ಮಾತು ಸರಿ. ಸರದಿಯ ಪ್ರಕಾರ ಆಡುವುದು ಬಹಳ ಹಳೆಯದು. ಕಂಪ್ಯೂಟರಿನಲ್ಲೂ 1980ರ ಹೊತ್ತಿಗೇ ರೋಗ್ ಎಂಬ ಆಟ ಇತ್ತು. ನೀವು ಒಂದು ಮನೆ ಸರಿದರೆ ರಾಕ್ಷಸರೂ ಸರಿಯುತ್ತಾರೆ. ಸೂಪರ್‌ಹಾಟ್ ಮಾಡಿದವರೇ ಟೈಮ್‌ಫೋರ್‌ಕ್ಯಾಟ್ ಎಂಬ ಸಣ್ಣ ಆಟದಿಂದ ಪ್ರೇರಣೆ ಪಡೆದದ್ದಾಗಿ ಹೇಳಿದ್ದಾರೆ. ಅದರಲ್ಲಿ ಬೆಕ್ಕು ಗಿಜಿಗುಡುವ ರಸ್ತೆಯ ನಡುವೆ ತಿನಿಸು ಹೆಕ್ಕಬೇಕು, ಬೆಕ್ಕು ನಡೆದರೆ ಮಾತ್ರ ಸಮಯ ನಡೆಯುತ್ತದೆ.

ಹಾಗಾದರೆ ಉಳಿದದ್ದು ಏನು? ಚೆನ್ನೆಮಣೆಯಲ್ಲಿ ಎರಡು ಸರದಿಯ ನಡುವೆ ಗೆರೆ ಸ್ಪಷ್ಟ. ಕಾಯಿ ಮುಗಿಯಿತು, ನಿಮ್ಮ ಸರದಿ ಮುಗಿಯಿತು. ಸೂಪರ್‌ಹಾಟ್‌ನಲ್ಲಿ ಆ ಗೆರೆ ಇಲ್ಲ. ಅರ್ಧ ಹೆಜ್ಜೆ ಇಟ್ಟು ನಿಲ್ಲಬಹುದು. ಕತ್ತು ತಿರುಗಿಸಿ ನೋಡಿದರೂ ಸಮಯ ಸ್ವಲ್ಪ ಜಾರುತ್ತದೆ, ಅಂದರೆ ನೋಡುವುದಕ್ಕೂ ಬೆಲೆ ಇದೆ. ಇನ್ನೊಂದು, ಚೆನ್ನೆ ಆಡುವಾಗ ನಾವು ಮಣೆಯ ಹೊರಗೆ ಕೂತಿರುತ್ತೇವೆ. ಇಲ್ಲಿ ನಾವೇ ಕಾಯಿ. ಮೊದಲು ಹೇಳಿದ 'ನಾನು' ಈಗ ಬಂತು ನೋಡಿ. ಮಣೆಯ ಒಳಗೆ ನಿಂತು, ಬೆನ್ನ ಹಿಂದೆ ಏನಿದೆ ಎಂದು ಕಾಣದೆ, ಸರದಿಯಾಟ ಆಡುವುದು. ಆ ಕೂಡಿಕೆ ಇದಕ್ಕೆ ಮೊದಲು ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಇದು ಶೂಟರೇ ಅಲ್ಲ ಮಾರಾಯ, ಪಜಲ್. ಎಫ್‌ಪಿಎಸ್ ಅಂತ ಯಾಕೆ ಹೇಳ್ತೀರಿ?

ಪಜಲ್‌ಗೆ ಸಾಮಾನ್ಯವಾಗಿ ಒಂದು ಉತ್ತರ ಇರುತ್ತದೆ, ಗೊತ್ತಾದ ಮೇಲೆ ಮುಗಿಯಿತು. ಇಲ್ಲಿ ಒಂದೇ ಕೋಣೆಯನ್ನು ನಮ್ಮ ಗುಂಪಿನ ನಾಲ್ವರು ನಾಲ್ಕು ರೀತಿ ದಾಟಿದ್ದಾರೆ. ಕೆಂಪು ಮನುಷ್ಯರು ನಾವು ಓಡಾಡಿದ ಹಾಗೆ ದಿಕ್ಕು ಬದಲಿಸುತ್ತಾರೆ.

ಮತ್ತೆ ಗುರಿ ಇಡುವ ಕಲೆ ಇಲ್ಲಿ ಸತ್ತಿಲ್ಲ, ಬೇರೆ ರೂಪಕ್ಕೆ ಬಂದಿದೆ. ಎಷ್ಟೋ ಶೂಟರ್‌ಗಳಲ್ಲಿ ಟ್ರಿಗರ್ ಒತ್ತಿದ ಕ್ಷಣವೇ ಗುಂಡು ತಾಗಿದ ಲೆಕ್ಕ. ಗುಂಡು ಅಲ್ಲಿ ಹಾರುವುದೇ ಇಲ್ಲ, ಕಂಪ್ಯೂಟರ್ ಒಂದು ನೇರ ಗೆರೆ ಎಳೆದು ಎದುರಿಗೆ ಯಾರಿದ್ದಾರೆ ಎಂದು ನೋಡುತ್ತದೆ ಅಷ್ಟೇ. ಸೂಪರ್‌ಹಾಟ್‌ನಲ್ಲಿ ಗುಂಡು ನಿಜವಾಗಿ ದೂರ ಕ್ರಮಿಸಬೇಕು. ಅವನು ಈಗ ಇರುವ ಜಾಗಕ್ಕೆ ಹೊಡೆದರೆ ತಪ್ಪುತ್ತದೆ, ಗುಂಡು ತಲುಪುವ ಹೊತ್ತಿಗೆ ಎಲ್ಲಿರುತ್ತಾನೋ ಅಲ್ಲಿಗೆ ಹೊಡೆಯಬೇಕು. ಇದು ಶೂಟಿಂಗ್ ಅಲ್ಲದಿದ್ದರೆ ಮತ್ತೇನು?

ಒಂದೇ ಟ್ರಿಕ್ಕು, ಎರಡು ಮೂರು ಗಂಟೆಯಲ್ಲಿ ಮುಗೀತದೆ. ಗಿಮಿಕ್ ಅಲ್ವಾ?

ಕಥೆ ಚಿಕ್ಕದು ಎನ್ನುವುದು ನಿಜ. ಕೊನೆಯ ಕಡೆ ಕೆಲವು ಕೋಣೆಗಳಲ್ಲಿ ಹೊಸ ಯೋಚನೆ ಕಮ್ಮಿ, ಸುಮ್ನೆ ಶತ್ರುಗಳ ಸಂಖ್ಯೆ ಜಾಸ್ತಿ ಮಾಡಿದ್ದಾರೆ. ಅದನ್ನು ಒಪ್ಪುತ್ತೇನೆ.

ಗಿಮಿಕ್ ಹೌದೋ ಅಲ್ಲವೋ ಎಂದು ತಿಳಿಯಲು ಅದನ್ನು ತೆಗೆದು ನೋಡಬೇಕು. ಯಕ್ಷಗಾನದ ರಂಗಸ್ಥಳಕ್ಕೆ ಬಣ್ಣಬಣ್ಣದ ಲೈಟು, ಹೊಗೆ ಎಲ್ಲ ಬಂದಿದೆ. ಅದನ್ನು ತೆಗೆದರೆ ಪ್ರಸಂಗಕ್ಕೆ ಏನೂ ಆಗುವುದಿಲ್ಲ. ಆದರೆ ತಾಳಮದ್ದಳೆಯಿಂದ ಅರ್ಥಗಾರಿಕೆ ತೆಗೆಯಿರಿ. ವೇಷ ಇಲ್ಲ, ಕುಣಿತ ಇಲ್ಲ, ಈಗ ಮಾತೂ ಇಲ್ಲ. ಭಾಗವತರ ಪದ್ಯ ಮಾತ್ರ ಉಳಿಯಿತು. ಅದು ತಾಳಮದ್ದಳೆ ಅಲ್ಲ. ಸೂಪರ್‌ಹಾಟ್‌ನಿಂದ ಆ ಸಮಯದ ನಿಯಮ ತೆಗೆದರೆ ಒಂದು ಕೋಣೆಯನ್ನೂ ದಾಟಲು ಆಗುವುದಿಲ್ಲ, ಯಾಕೆಂದರೆ ಒಂದೇ ಗುಂಡಿಗೆ ಸಾಯುತ್ತೀರಿ. ಕೋಣೆಗಳ ಅಳತೆ, ಬಾಟಲಿ ಇಟ್ಟ ಜಾಗ, ಶತ್ರು ಬರುವ ಬಾಗಿಲು, ಎಲ್ಲವೂ ಆ ಒಂದು ನಿಯಮಕ್ಕೆ ತಕ್ಕಂತೆ ಇದೆ.

ಕೊಟ್ಟ ದುಡ್ಡಿಗೆ ಎಷ್ಟು ಗಂಟೆ ಸಿಕ್ಕಿತು ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಬೇರೆ ಪ್ರಶ್ನೆ.

ಗ್ರಾಫಿಕ್ಸೇ ಇಲ್ಲ. ಬಿಳಿ ಗೋಡೆ, ಕೆಂಪು ಗೊಂಬೆ. ಸೋಮಾರಿತನ ಅಲ್ವಾ?

ಬಿಳಿ ಅಂದರೆ ಜಾಗ. ಕಪ್ಪು ಅಂದರೆ ಕೈಗೆ ಸಿಗುವ ವಸ್ತು. ಕೆಂಪು ಅಂದರೆ ಅಪಾಯ. ಒಂದು ನೋಟಕ್ಕೆ ಇಡೀ ಕೋಣೆ ಓದಲು ಬರುತ್ತದೆ. ಬಯಲಾಟದಲ್ಲಿ ಕೊನೆಯ ಸಾಲಿನಲ್ಲಿ ಕೂತವರಿಗೂ ಬಣ್ಣದ ವೇಷ ಯಾವುದು, ಪುಂಡುವೇಷ ಯಾವುದು ಎಂದು ಮಾತು ಕೇಳುವ ಮೊದಲೇ ಗೊತ್ತಾಗುತ್ತದೆ. ಅದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ. ಕಾಡಿನ ಎಲೆ ಎಲೆಯನ್ನೂ ತೋರಿಸಿದ 2007ರ ಕ್ರೈಸಿಸ್ ನನಗೂ ಇಷ್ಟ. ಆ ಕಾಡಿನಲ್ಲಿ ಸೂಪರ್‌ಹಾಟ್ ಆಡಿದರೆ ಬರುವ ಗುಂಡು ಕಾಣುವುದೇ ಇಲ್ಲ.

## ಇನ್ನೂ ಆಳಕ್ಕೆ ಇಳಿದವರಿಗೆ

ಮೊದಲು ಮಾಡಿದವರಿಗೆ ಅಲ್ವಾ ಹೆಸರು ಸಲ್ಲಬೇಕು?

ಹೆಸರು ಸಲ್ಲಲಿ. ಆದರೆ 'ಮೊದಲು' ಮತ್ತು 'ಹೊಸತು' ಎರಡೂ ಒಂದೇ ಎಂದು ನನಗೆ ಅನಿಸುವುದಿಲ್ಲ. ಈಗ ಕನ್ಸೋಲ್‌ನ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದ, ಹೆಚ್ಚುಕಮ್ಮಿ ಎಲ್ಲ ಶೂಟರ್‌ಗಳಲ್ಲೂ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಎಡಗಡೆಯ ಕಡ್ಡಿಯಲ್ಲಿ ನಡೆಯುವುದು, ಬಲಗಡೆಯ ಕಡ್ಡಿಯಲ್ಲಿ ನೋಡುವುದು. 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ಏಲಿಯನ್ ರಿಸರೆಕ್ಷನ್‌ನಲ್ಲೇ ಅದು ಇತ್ತು. ಆಗ ಅದನ್ನು ಆಡಿದ ವಿಮರ್ಶಕರಿಗೆ ಅದೇ ದೊಡ್ಡ ತೊಂದರೆಯಾಗಿ ಕಂಡಿತ್ತು. ಮರುವರ್ಷ ಎಕ್ಸ್‌ಬಾಕ್ಸ್‌ನಲ್ಲಿ ಹೇಲೋ ಬಂತು. ಅದರಲ್ಲಿ ಗುರಿಯ ನೆರವು, ಎರಡೇ ಬಂದೂಕು, ಸುಮ್ಮನಿದ್ದರೆ ತಾನೇ ತುಂಬುವ ಕವಚ, ಎಲ್ಲವೂ ಆ ಎರಡು ಕಡ್ಡಿಗೆ ಹೊಂದಿಕೊಂಡು ಬಂದವು. ಜನರ ಬೆರಳಿಗೆ ಅದು ಹತ್ತಿದ್ದು ಆಗ.

ನಮ್ಮ ಗಡ್‌ಬಡ್ ಐಸ್‌ಕ್ರೀಮ್ ನೋಡಿ. ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಯಾವುದೂ ಹೊಸತಲ್ಲ. ಉದ್ದ ಗ್ಲಾಸಿನಲ್ಲಿ ಪದರ ಪದರವಾಗಿ ಬಂದು, ಉದ್ದ ಚಮಚ ಅಡಿಯವರೆಗೆ ಇಳಿಸಿದಾಗ ಬಾಯಿಗೆ ಸಿಗುವುದು ಮಾತ್ರ ಹೊಸತು. ಉಡುಪಿಗೆ ಬಂದ ನೆಂಟರಿಗೆ ಅದನ್ನೇ ಕೊಡಿಸುತ್ತೇವೆ, ಅಲ್ವಾ?

ಹಾಗಾದ್ರೆ ನಿಮ್ಮ ಲೆಕ್ಕದಲ್ಲಿ ನಿಜವಾಗಿ ಹೊಸತು ತಂದ ಎಫ್‌ಪಿಎಸ್ ಯಾವುದೆಲ್ಲ?

ಡೂಮ್, ಸಂಶಯವೇ ಇಲ್ಲ. ಮೊದಲ ಭಾಗವನ್ನು ಪುಕ್ಕಟೆ ಹಂಚಿದರು, ನಾಲ್ವರು ನೆಟ್‌ವರ್ಕ್‌ನಲ್ಲಿ ಆಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಟವನ್ನು ಓಡಿಸುವ ಪ್ರೋಗ್ರಾಂ, ಅಂದರೆ ಎಂಜಿನ್ ಬೇರೆ, ನಕ್ಷೆ ಮತ್ತು ಚಿತ್ರಗಳ ಫೈಲ್ ಬೇರೆ ಇಟ್ಟರು. ಹಾಗಾಗಿ ಯಾರು ಬೇಕಾದರೂ ತಮ್ಮ ನಕ್ಷೆ ಮಾಡಿ ಸೇರಿಸಬಹುದಿತ್ತು.

1998ರ ಹಾಫ್‌ಲೈಫ್. ಕಥೆ ಹೇಳಲು ಅದು ಕ್ಯಾಮೆರಾವನ್ನು ನಮ್ಮಿಂದ ಕಿತ್ತುಕೊಳ್ಳುವುದಿಲ್ಲ. ಶುರುವಿನ ಟ್ರ್ಯಾಮ್ ಪ್ರಯಾಣದಲ್ಲೂ ಕಿಟಕಿಯ ಯಾವ ಕಡೆ ನೋಡಬೇಕು ಎನ್ನುವುದು ನಮ್ಮ ಇಷ್ಟ.

ಮತ್ತೆ ಕೌಂಟರ್‌ಸ್ಟ್ರೈಕ್. 1999ರಲ್ಲಿ ಇಬ್ಬರು ಹವ್ಯಾಸಿಗಳು ಹಾಫ್‌ಲೈಫ್‌ನ ಮೇಲೆ ಕಟ್ಟಿದ್ದು. ಹಂಪನಕಟ್ಟೆಯ ಹತ್ತಿರದ ಒಂದು ಕೆಫೆಯಲ್ಲಿ ಕಾಲೇಜು ಬಿಟ್ಟ ಮೇಲೆ ನಾವು ಆಡುತ್ತಿದ್ದದ್ದು ಇದನ್ನೇ, 1.6 ಆವೃತ್ತಿ. ಒಮ್ಮೆ ಸತ್ತರೆ ಆ ಸುತ್ತು ಮುಗಿಯುವವರೆಗೆ ಕಾಯಬೇಕು. ಸತ್ತವರೆಲ್ಲ ಕುರ್ಚಿ ತಿರುಗಿಸಿ, ಉಳಿದ ಒಬ್ಬನ ಪರದೆಗೆ ಬಗ್ಗಿ ನಿಲ್ಲುತ್ತಿದ್ದರು. ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಇಡೀ ಕೆಫೆ ಸದ್ದಿಲ್ಲ. ಡೂಮ್‌ನಲ್ಲಿ ಸತ್ತವನು ಕೂಡಲೇ ಎದ್ದು ಬರುತ್ತಾನೆ, ಹಾಗಾಗಿ ಸಾವಿಗೆ ತೂಕ ಇಲ್ಲ. ಇಲ್ಲಿ ತೂಕ ಬಂತು. ಸುತ್ತು ಸೋತರೆ ದುಡ್ಡು ಕಮ್ಮಿ, ದುಡ್ಡು ಕಮ್ಮಿಯಾದರೆ ಒಳ್ಳೆಯ ಬಂದೂಕು ಇಲ್ಲ. ಹಾಗಾಗಿ ಒಂದು ಸುತ್ತು ಬೇಕೆಂದೇ ಉಳಿತಾಯ ಮಾಡಿ ಸೋಲುವುದೂ ಒಂದು ತಂತ್ರವಾಯಿತು.

2007ರ ಪೋರ್ಟಲ್ ಅನ್ನು ಸೇರಿಸುತ್ತೇನೆ, ಬಂದೂಕಿನಿಂದ ಯಾರನ್ನೂ ಕೊಲ್ಲದೆ ಬಾಗಿಲು ತೆರೆಯುವುದನ್ನು ಕಲಿಸಿದ್ದಕ್ಕೆ. ಸೂಪರ್‌ಹಾಟ್ ಈ ಸಾಲಿನ ಕೊನೆಯಲ್ಲಿ ಕೂರುತ್ತದೆ. ಡೂಮ್‌ನ ಪಕ್ಕದಲ್ಲಿ ಅಲ್ಲ, ಪೋರ್ಟಲ್‌ನ ಪಕ್ಕದಲ್ಲಿ.

ಅಷ್ಟು ಹೊಸತಾದ್ರೆ ಬೇರೆಯವರು ಯಾಕೆ ಅದನ್ನು ತಗೊಳ್ಳಲಿಲ್ಲ?

ನನ್ನ ನಿಲುವಿಗೆ ಅತಿ ದೊಡ್ಡ ಪೆಟ್ಟು ಕೊಡುವ ಪ್ರಶ್ನೆ ಇದು. ಹೇಲೋದ ಎರಡು ಬಂದೂಕು, ತಾನೇ ತುಂಬುವ ಕವಚ ಎಷ್ಟೋ ಆಟಗಳಿಗೆ ಹೋಯಿತು. ಸೂಪರ್‌ಹಾಟ್‌ನ ನಿಯಮ ಹಾಗೆ ಹರಡಲಿಲ್ಲ.

ಕಾರಣ ನಿಯಮದ ಒಳಗೇ ಇದೆ. ಸಮಯ ಒಬ್ಬನದ್ದು. ಇಬ್ಬರು ಒಂದೇ ಕೋಣೆಯಲ್ಲಿದ್ದರೆ ಯಾರು ನಿಂತಾಗ ಸಮಯ ನಿಲ್ಲಬೇಕು? ನಾನು ಯೋಚಿಸಲು ನಿಂತರೆ ನೀವೂ ಬಲವಂತವಾಗಿ ನಿಲ್ಲಬೇಕು. ಎಫ್‌ಪಿಎಸ್‌ಗಳ ದುಡ್ಡೆಲ್ಲ ಇವತ್ತು ಆನ್‌ಲೈನ್ ಪಂದ್ಯಗಳಲ್ಲಿದೆ. ಅಲ್ಲಿ ಎಲ್ಲರ ಗಡಿಯಾರ ಒಂದೇ ಇರಬೇಕು. ಹಾಗಾಗಿ ಈ ಯೋಚನೆಗೆ ಅಲ್ಲಿ ಜಾಗ ಇಲ್ಲ. ಪ್ರಭಾವ ಕಮ್ಮಿ ಎನ್ನುವುದನ್ನು ಒಪ್ಪುತ್ತೇನೆ. ಹೊಸತಲ್ಲ ಎನ್ನುವುದನ್ನು ಒಪ್ಪುವುದಿಲ್ಲ.

ವಿಆರ್‌ನಲ್ಲಿ ಆಡಿದ್ರೆ ಏನು ವ್ಯತ್ಯಾಸ?

ಅನುಮಾನ ಇರುವವರಿಗೆ ನಾನು ಇದನ್ನೇ ಆಡಿಸುತ್ತೇನೆ. ಇದು 2016ರ ಡಿಸೆಂಬರ್‌ನಲ್ಲಿ ಬಂತು. ಹಳೆಯ ಆಟವನ್ನೇ ತಂದು ಕನ್ನಡಕದೊಳಗೆ ಹಾಕಿದ್ದಲ್ಲ, ವಿಆರ್‌ಗೆಂದೇ ಬೇರೆಯಾಗಿ ಕಟ್ಟಿದ್ದು. ಇಲ್ಲಿ ಕೀಬೋರ್ಡ್ ಇಲ್ಲ, ನಿಮ್ಮ ಕೈ, ತಲೆ ಅಲ್ಲಾಡಿದಂತೆ ಸಮಯ ಓಡುತ್ತದೆ.

ಮಣಿಪಾಲದ ಗೆಳೆಯನ ಕೋಣೆಯಲ್ಲಿ ಮೊದಲ ಸಲ ಹಾಕಿಕೊಂಡೆ. ಮೂಗಿನ ಪಕ್ಕದಲ್ಲೇ ಒಂದು ಗುಂಡು. ಉಸಿರು ಬಿಗಿಹಿಡಿದು, ಸೊಂಟ ಬಗ್ಗಿಸಿ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಿದರೆ ಸಮಯ ಓಡುತ್ತದೆ! ಮರುದಿನ ತೊಡೆ ನೋವು. ಮೇಜಿನ ಮೇಲೆ ಆಡುವಾಗ ತಲೆಗೆ ಕೊಟ್ಟ ಕೆಲಸವನ್ನು ಇಲ್ಲಿ ಇಡೀ ಮೈಗೆ ಕೊಟ್ಟಿದ್ದಾರೆ. ಚೆಸ್ ವಾದ ಮಾಡುತ್ತಿದ್ದ ಗೆಳೆಯ ಇದನ್ನು ಆಡಿದ ಮೇಲೆ ಆ ಮಾತು ಮತ್ತೆ ಎತ್ತಿಲ್ಲ.

ಅದರ ಮುಂದಿನದ್ದು ಉಂಟಲ್ಲ, ಅದು ಹೇಗೆ?

ಮೈಂಡ್ ಕಂಟ್ರೋಲ್ ಡಿಲೀಟ್, 2020. ಆಟ ದೊಡ್ಡದಾಯಿತು, ಕೋಣೆಗಳು ಮತ್ತೆ ಮತ್ತೆ ಬೇರೆ ಬೇರೆ ರೀತಿಯಲ್ಲಿ ಬರುತ್ತವೆ, ಹೊಸ ಶಕ್ತಿಗಳು ಸಿಗುತ್ತವೆ. ಗಂಟೆ ಲೆಕ್ಕ ಹಾಕುವವರಿಗೆ ಒಳ್ಳೆಯದು. ಒಂದೊಂದು ಬಾಟಲಿಯನ್ನೂ ಯೋಚಿಸಿ ಇಟ್ಟ ಮೊದಲ ಆಟದ ಬಿಗಿ ಅದರಲ್ಲಿ ನನಗೆ ಸಿಗಲಿಲ್ಲ.

ಮಂಗಳೂರಲ್ಲಿ ಕೂತು ಇಂಥದ್ದೊಂದು ಮಾಡ್ಲಿಕ್ಕೆ ಆಗ್ತದಾ? ನಾವು ಮೂರೇ ಜನ.

ಪೋರ್ಟಲ್‌ನ ಬೀಜ ವಿದ್ಯಾರ್ಥಿಗಳು ಮಾಡಿದ ಒಂದು ಆಟದಲ್ಲಿತ್ತು. ಸೂಪರ್‌ಹಾಟ್‌ನ ಬೀಜ ಏಳು ದಿನದ್ದು. ಅದನ್ನು ಕಟ್ಟಿದ್ದು ಯೂನಿಟಿ ಎಂಜಿನ್‌ನಲ್ಲಿ, ಕಲಿಯುವವರಿಗೆ ಅದು ಈಗಲೂ ಪುಕ್ಕಟೆ ಸಿಗುತ್ತದೆ. ಹಾಗಾಗಿ ಆಗುತ್ತದೆ.

ಬಂದೂಕಿನಿಂದ ಶುರು ಮಾಡಬೇಡಿ, ನಿಯಮದಿಂದ ಶುರು ಮಾಡಿ. ಮಳೆಗಾಲದ ರಾತ್ರಿ ಕರೆಂಟ್ ಹೋದಾಗ ಮಿಂಚು ಹೊಡೆದಷ್ಟು ಹೊತ್ತು ಮಾತ್ರ ಅಂಗಳ ಕಾಣುತ್ತದೆ. ಆ ಒಂದು ಕ್ಷಣದಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು, ಮುಂದಿನ ಮಿಂಚಿನವರೆಗೆ ಕತ್ತಲಲ್ಲಿ ನಡೆಯುವ ಎಫ್‌ಪಿಎಸ್ ಹೇಗಿರಬಹುದು? ಇದು ನನ್ನ ತಲೆಯಲ್ಲಿ ಬಹಳ ದಿನದಿಂದ ಇದೆ. ಬೇಕಾದರೆ ತಗೊಳ್ಳಿ. ಮೊದಲ ವಾರ ಗೋಡೆಗೆ ಬಣ್ಣ ಬಳಿಯಲು ಹೋಗಬೇಡಿ, ಬಿಳಿ ಪೆಟ್ಟಿಗೆಗಳೇ ಸಾಕು. ನಾಲ್ಕು ಕೋಣೆ ಆದ ಕೂಡಲೇ ಯಾರನ್ನಾದರೂ ಕೂರಿಸಿ ಆಡಿಸಿ. ಆಗ ಪರದೆ ನೋಡಬೇಡಿ, ಅವರ ಕೈ ನೋಡಿ.